‘ಒಣಸ್ ಆಂಡ್’ ಎಂಬ ಸುಳ್ಳು

ತುಳುನಾಡಿನಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವ ಮಾತು ‘ಒಣಸ್ ಆಂಡಾ?’ ಅಂತ. ಊಟ ಆಯಿತಾ? ಅದಕ್ಕೆ ಉತ್ತರವೂ ಒಂದೇ, ‘ಆಂಡ್’. ಆಯಿತು. ಉಂಡು ತೇಗಿದವನೂ ಆಂಡ್ ಎನ್ನುತ್ತಾನೆ. ಬೆಳಗಿನಿಂದ ಹಾಲಿಲ್ಲದ ಒಂದು ಲೋಟ ಕಣ್ಣ ಚಾ ಕುಡಿದು ಕೂತವಳೂ ಆಂಡ್ ಎನ್ನುತ್ತಾಳೆ. ಕೇಳಿದವನಿಗೆ ಸಮಾಧಾನ, ಹೇಳಿದವಳಿಗೆ ಮರ್ಯಾದೆ. ಅಲ್ಲಿಗೆ ಮಾತು ಮುಗಿಯಿತು.

ಈ ಒಂದು ಮಾತನ್ನು ಹಿಡಿದು ಇಲ್ಲಿ ಸ್ವಲ್ಪ ಜಗಳಾಡಬೇಕೆಂದಿದ್ದೇವೆ. ಜಗಳ ಮೊದಲು ನಮ್ಮ ಜೊತೆಗೇ. ಅಡುಗೆಮನೆಯ ಲೆಕ್ಕ ಹೆಂಗಸರ ವಿಷಯ, ಹೋರಾಟದ ಪತ್ರಿಕೆಯಲ್ಲಿ ಅದಕ್ಕೇನು ಕೆಲಸ ಎಂದು ಕೇಳುವ ಗೆಳೆಯರಿದ್ದಾರೆ. ಭೂಮಿಯ ಪ್ರಶ್ನೆ ದೊಡ್ಡದು, ಜಾತಿಯ ಪ್ರಶ್ನೆ ದೊಡ್ಡದು, ಗಂಜಿಗೆ ಎಷ್ಟು ನೀರು ಹೊಯ್ಯಬೇಕು ಎಂಬುದೂ ಒಂದು ಪ್ರಶ್ನೆಯೇ ಎಂದು ನಗುವವರೂ ಇದ್ದಾರೆ. ಹಾಗೆ ನಕ್ಕವರಲ್ಲಿ ನಾವೂ ಇದ್ದೆವು.

ಬೋಳಾರ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಮಂಗಳೂರಿನ ದಕ್ಷಿಣದ ಅಂಚು. ಒಂದು ಕಡೆ ಮಂಗಳಾದೇವಿ, ಇನ್ನೊಂದು ಕಡೆ ಹೊಯ್ಗೆಬಜಾರು, ಅದರಾಚೆ ಮೀನಿನ ದಕ್ಕೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ನೇತ್ರಾವತಿಯ ದಂಡೆಯಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಜೆಪ್ಪು, ಬೋಳಾರ, ಹೊಯ್ಗೆಬಜಾರಿನ ಉದ್ದಕ್ಕೂ ಹೊಗೆಕೊಳವೆಗಳು ಎದ್ದವು. ಮಣ್ಣು ದೋಣಿಯಲ್ಲಿ ಬಂತು, ಹೆಂಚಾಗಿ ಹಡಗು ಹತ್ತಿತು. ದೂರದೂರದ ಸಾಹುಕಾರರ ಮನೆಗಳಿಗೆ ಮಂಗಳೂರು ಹೆಂಚಿನ ಮಾಡು ಬಂತು. ಆ ಮಣ್ಣು ತುಳಿದವರು, ಹೊತ್ತವರು, ಒಲೆಯ ಬಾಯಲ್ಲಿ ಬೆಂದವರು ಇಲ್ಲಿನ ಬಡವರು. ಇವತ್ತು ಆ ಕೊಳವೆಗಳಲ್ಲಿ ಹೆಚ್ಚಿನವು ತಣ್ಣಗಾಗಿವೆ. ಕಾಂಕ್ರೀಟು ಬಂತು, ಜಾಗಕ್ಕೆ ಬೆಲೆ ಬಂತು. ಕೆಲಸ ಹೋದ ಮನೆಗಳಲ್ಲಿ ಗಂಡಸರು ದಕ್ಕೆಗೆ ಹೋದರು, ಹೆಂಗಸರು ಬೀಡಿಯ ಸೂಪು ತೊಡೆಯ ಮೇಲಿಟ್ಟುಕೊಂಡರು.

ಅಂಥ ಒಂದು ಮನೆ. ಹಳೆಯ ಕಾರ್ಖಾನೆಯ ಗೋಡೆಗೆ ತಾಗಿದ ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿನ ಹೆಂಗಸನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ಆಕೆ ಬೀಡಿ ಕಟ್ಟುತ್ತಾರೆ. ಗಂಡ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಪಡುವಣ ಕರಾವಳಿಯಲ್ಲಿ ಯಂತ್ರದ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆಯಿಡುವ ಕಾಲ, ನಿಷೇಧ ಸರಿಯಾದದ್ದೇ. ಆದರೆ ಮೀನಿಗೆ ರಜೆ ಕೊಟ್ಟವರು ಬುಟ್ಟಿ ಹೊರುವವನ ಹೊಟ್ಟೆಗೆ ರಜೆ ಕೊಡಲಿಲ್ಲ. ಅದು ಆ 61 ದಿನವೂ ಎರಡು ಹೊತ್ತು ಕೇಳುತ್ತದೆ.

ಅಂಥ ಜುಲೈಯ ಒಂದು ರಾತ್ರಿ ನಾವು ಐದು ಮಂದಿ ಗಂಡಸರು, ಒಂದು ಪ್ರತಿಭಟನೆಯ ಮಾತಿಗೆಂದು, ಹೇಳದೆ ಕೇಳದೆ ಆ ಮನೆಗೆ ಹೋದೆವು. ಮಳೆಯಲ್ಲಿ ಪೂರ್ತಿ ನೆನೆದಿದ್ದೆವು. ಮಾತು ಮುಗಿಯುವಾಗ ಹತ್ತು ಗಂಟೆ. ಅಕ್ಕ ಕುಚ್ಚಲಕ್ಕಿ ಗಂಜಿ ಬಡಿಸಿದರು. ಸುಟ್ಟ ನುಂಗೆಲ್ ಮೀನಿನ ಚಟ್ನಿ, ಹಲಸಿನ ಬೀಜದ ಪಲ್ಯ. ಆ ಚಳಿಯಲ್ಲಿ ಅದರ ರುಚಿ ಏನು ಹೇಳುವುದು! ಎರಡೆರಡು ಸಲ ಹಾಕಿಸಿಕೊಂಡೆವು. ನಮ್ಮಲ್ಲೊಬ್ಬ, ‘ಅಕ್ಕ, ನಿಮ್ಮದು?’ ಅಂದ. ‘ಎನ್ನ ಆಂಡ್’ ಅಂದರು. ನನ್ನದಾಯಿತು. ನಾವು ನಂಬಿದೆವು. ನಂಬುವುದು ನಮಗೆ ಅನುಕೂಲವಾಗಿತ್ತು.

ಬಟ್ಟಲು ತೊಳೆಯಲು ಹಿಂದಕ್ಕೆ ಹೋದ ಗೆಳೆಯ ನೋಡಿದ್ದು ಇಷ್ಟು: ಅಕ್ಕ ಗಂಜಿ ಪಾತ್ರೆಯ ತಳಕ್ಕೆ ಹಿಡಿದ ಅಗುಳನ್ನು ಸೌಟಿನಿಂದ ಕೆರೆದು, ಅದಕ್ಕೆ ಒಂದು ಚೆಂಬು ನೀರು ಹೊಯ್ದು, ಉಪ್ಪು ಹಾಕಿ, ನಿಂತುಕೊಂಡೇ ಕುಡಿಯುತ್ತಿದ್ದರು. ಇವನನ್ನು ಕಂಡು ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕರು.

ಹೊರಗೆ ಬಂದು ಅವನು ಹೇಳಿದಾಗ ನಾವು ಏನಂದೆವು ಗೊತ್ತೆ? ‘ಎಂಥಾ ತಾಯಿ! ಎಂಥಾ ತ್ಯಾಗ!’ ಅಂದೆವು. ಅಂದು ಮನೆಗೆ ಹೋಗಿ ಮಲಗಿದೆವು.

*

ಅಲ್ಲಿಂದ ನಮ್ಮೊಳಗೆ ಒಂದು ಮುಳ್ಳು. ಅಕ್ಕ ಹೇಳಿದ್ದು ಸುಳ್ಳು, ಅದರಲ್ಲಿ ಎರಡು ಮಾತಿಲ್ಲ. ಅದು ತಪ್ಪೇ? ಅಥವಾ ಪುಣ್ಯವೇ? ಅದನ್ನು ಪುಣ್ಯ ಎಂದು ಕರೆದ ನಾವು ಯಾರ ಪರ ನಿಂತು ಮಾತಾಡಿದೆವು?

ಹಳ್ಳಿಯ ಮೇಷ್ಟ್ರುಗಳೇ, ನೀವು ವರ್ಷ ವರ್ಷ ಮಕ್ಕಳಿಗೆ ಪುಣ್ಯಕೋಟಿಯ ಕತೆ ಹೇಳುತ್ತೀರಿ. ಕೊಟ್ಟ ಮಾತಿಗಾಗಿ ತಾಯಿಹಸು ಹುಲಿಯ ಬಾಯಿಗೆ ತಾನೇ ನಡೆದು ಹೋಗುತ್ತದೆ. ಸತ್ಯದ ದೊಡ್ಡ ಪಾಠ ಅದು. ನಮಗೆ ಈಗ ಬೇರೆ ಒಂದು ವಿಷಯ ಕಾಣುತ್ತಿದೆ. ಆ ಕತೆಯಲ್ಲಿ ಸತ್ಯ ಹೇಳಿದ ತಾಯಿ ಹುಲಿಯ ಊಟವಾಗಲು ಹೋದಳು. ಬೋಳಾರದಲ್ಲಿ ಸುಳ್ಳು ಹೇಳಿದ ತಾಯಿ ನಮ್ಮ ಊಟವಾದಳು. ಸತ್ಯ ಹೇಳಿದರೂ ಸುಳ್ಳು ಹೇಳಿದರೂ ಬಟ್ಟಲಿಗೆ ಬೀಳುವವಳು ಅವಳೇ. ಆ ಹುಲಿಗಾದರೂ ಕೊನೆಗೆ ನಾಚಿಕೆಯಾಯಿತು, ಪ್ರಾಣ ಬಿಟ್ಟಿತು. ನಾವು ಎರಡನೆಯ ಸಲ ಹಾಕಿಸಿಕೊಂಡೆವು.

ಕಷ್ಟದ ದಿನದಲ್ಲಿ ಅಡುಗೆಮನೆ ನಡೆಸುವುದು ಸಣ್ಣ ವಿದ್ಯೆಯಲ್ಲ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಅಕ್ಕನಂಥವರು ಮಾರ್ಚಿ, ಏಪ್ರಿಲಿನಲ್ಲಿ, ದಕ್ಕೆಯಲ್ಲಿ ಮೀನು ಅಗ್ಗವಾದ ದಿನ ನೋಡಿ ತಂದು ಉಪ್ಪು ಹಚ್ಚಿ ಒಣಗಿಸಿಡುತ್ತಾರೆ, ಮಳೆಗಾಲಕ್ಕೆ. ಹಲಸಿನ ಸೊಳೆ ಭರಣಿಯಲ್ಲಿ ಉಪ್ಪುನೀರಿಗೆ ಬೀಳುತ್ತದೆ. ಬೀಜಕ್ಕೆ ಮಣ್ಣು ಸವರಿ ಮೂಲೆಯಲ್ಲಿಡುತ್ತಾರೆ. ತೆಂಗಿನಕಾಯಿ ತರಲಾಗದ ವಾರ ಬೂತಾಯಿಗೆ ಪುಳಿಮುಂಚಿ: ಹುಣಸೆ, ಮೆಣಸು, ಉಪ್ಪು, ಕಾಯಿ ಬೇಡವೇ ಬೇಡ, ಮರುದಿನಕ್ಕೆ ಕೆಡುವುದೂ ಇಲ್ಲ. ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕು, ಹಾಗಾಗಿ ಚೆನ್ನಾಗಿ ಒಂದು ಕುದಿ ಬಂದ ಮೇಲೆ ಪಾತ್ರೆಯನ್ನು ಗೋಣಿಯಲ್ಲಿ ಸುತ್ತಿಟ್ಟರೆ ಉಳಿದದ್ದು ಆ ಬಿಸಿಗೇ ಬೇಯುತ್ತದೆ, ಸೌದೆ ಉಳಿಯುತ್ತದೆ, ಗ್ಯಾಸ್ ಉಳಿಯುತ್ತದೆ. ಅನ್ನ ಮಕ್ಕಳಿಗೆ, ತಿಳಿ ದೊಡ್ಡವರಿಗೆ. ಪಕ್ಕದ ಬ್ಯಾರಿಗಳ ಮನೆಯಿಂದ ಒಂದು ಕುಡ್ತೆ ಅಕ್ಕಿ ಇವತ್ತು ಈಚೆಗೆ ಬಂದರೆ ತಿಂಗಳ ಮೊದಲ ವಾರ ಎರಡು ಕುಡ್ತೆ ಆಚೆಗೆ ಹೋಗುತ್ತದೆ. ಅದಕ್ಕೆ ಚೀಟಿಯಿಲ್ಲ, ಬಡ್ಡಿಯಿಲ್ಲ. ಇಷ್ಟು ಲೆಕ್ಕ, ಇಷ್ಟು ಮುಂದಾಲೋಚನೆ ಇರುವವರಿಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಟ್ಟಿಲ್ಲ.

ಪದವಿ ಕೊಡಲಿಲ್ಲ, ಉಪದೇಶ ಮಾತ್ರ ಧಾರಾಳವಾಗಿ ಕೊಟ್ಟರು. ಮಿತವ್ಯಯ ಕಲಿಯಿರಿ ಅಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು. ಗಾದೆ ಒಳ್ಳೆಯದೇ. ಹಾಸಿಗೆಯನ್ನು ಕತ್ತರಿಸಿದವರು ಯಾರು ಎಂಬ ಪ್ರಶ್ನೆ ಮಾತ್ರ ಅದರೊಳಗಿಲ್ಲ. ಮಿತ ಎಂದರೆ ಅಳತೆ. ಅಳತೆ ಯಾರ ಕೈಯಲ್ಲಿತ್ತು? ಈ ಜಿಲ್ಲೆಯ ಚರಿತ್ರೆಯನ್ನೇ ಅದೊಂದು ಪ್ರಶ್ನೆಯಿಂದ ಓದಬಹುದು.

14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಆ 42 ಸೇರಿನ ಮುಡಿಗಳು ಗೇಣಿಯಾಗಿ ಧಣಿಗಳ ಉಗ್ರಾಣಕ್ಕೆ ಹೋದವು. ಗೇಣಿ ಅಳೆದುಕೊಳ್ಳುವಾಗಿನ ಸೇರು ಬೇರೆ, ಆಳಿಗೆ ಪಡಿ ಅಳೆದು ಕೊಡುವಾಗಿನ ಸೇರು ಬೇರೆ ಎಂಬ ಮಾತು ನಮ್ಮ ಅಜ್ಜಿಯಂದಿರ ಬಾಯಲ್ಲಿತ್ತು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. ಒಂದು ತುಂಡು ಭೂಮಿ ಉಳಬೇಕು ಅನ್ನುವ ಆಸೆಯಲ್ಲೇ ಚೋಮ ಸಾಯುತ್ತಾನೆ. 1974ರಲ್ಲಿ ಭೂಸುಧಾರಣೆಯ ಕಾನೂನು ಬಂತು, ಗೇಣಿ ಮಾಡುತ್ತಿದ್ದವರ ಕೈಗೆ ಗದ್ದೆ ಬಂತು. ಅದು ದೊಡ್ಡ ಕೆಲಸವೇ. ಆದರೆ ಗೇಣಿಯೂ ಇಲ್ಲದೆ ಬರೀ ಪಡಿಗೆ ದುಡಿಯುತ್ತಿದ್ದ ಮೂಲದಾಳುಗಳಲ್ಲಿ ಬಹುಪಾಲು ಮಂದಿಗೆ ಸೇರು ಅಳೆಯುವ ಕೈ ಬದಲಾಯಿತೇ ಹೊರತು ಸೇರು ತಮ್ಮ ಕೈಗೆ ಬರಲಿಲ್ಲ.

ಇನ್ನೂ ಕೆಳಗೆ ಹೋಗಿ ನೋಡೋಣ. ಕೊರಗರಿಗೆ ಅನ್ನದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುತ್ತಿದ್ದರು. ಮೇಲಿನವರ ಮನೆಯ ಪೀಡೆ ಇವರ ಹೊಟ್ಟೆಗೆ ಹೋಗಲಿ ಎಂದು. ಅಜಲು ಅಂತ ಅದಕ್ಕೊಂದು ಹೆಸರು. ಅದನ್ನು ನಿಷೇಧಿಸಲು ಕರ್ನಾಟಕದಲ್ಲಿ ಒಂದು ಕಾಯ್ದೆಯೇ ಬೇಕಾಯಿತು, ಅದೂ 2000ದಲ್ಲಿ. ಎಷ್ಟು ತಿನ್ನಬೇಕು ಎನ್ನುವ ಅಳತೆ ಮಾತ್ರವಲ್ಲ, ಏನು ತಿನ್ನಬೇಕು ಎನ್ನುವ ಅಳತೆಯೂ ಬೇರೆಯವರ ಕೈಯಲ್ಲಿದ್ದ ಜನ ಅವರು. ಅವರಿಗೆ ಮಿತವ್ಯಯ ಬೋಧಿಸುವ ನಾಲಿಗೆಗೆ ಏನು ಹೇಳೋಣ?

ಅದೆಲ್ಲ ಹಳೆಯ ಕಾಲ ಅನ್ನಬೇಡಿ. 2011ರ ಸೆಪ್ಟೆಂಬರಿನಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಒಂದು ಪ್ರಮಾಣಪತ್ರ ಕೊಟ್ಟಿತು. ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡುವವನು ಬಡವನಲ್ಲ ಅಂತ. ದೆಹಲಿಯಲ್ಲಿ ಕೂತು ಬೋಳಾರದ ಹೊಟ್ಟೆ ಅಳೆದ ಸೇರು ಅದು. ಅಕ್ಕನ ಬೀಡಿಯ ಕತೆಯೂ ಅದೇ. ಬೀಡಿ ಕಾರ್ಮಿಕರಿಗೆಂದು 1966ರಲ್ಲೇ ಕಾಯ್ದೆಯಾಯಿತು. ಆದರೂ ಎಲೆ, ಹೊಗೆಸೊಪ್ಪು ತೂಗಿ ಕೊಡುವವರು ಕಂತ್ರಾಟುದಾರರು, ಕಟ್ಟಿ ತಂದ ಬೀಡಿಯಲ್ಲಿ ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದು ತೆಗೆದು ಪಕ್ಕಕ್ಕಿಡುವವರೂ ಅವರೇ. ಎಲೆ ಕಡಿಮೆ ಬಿದ್ದರೆ ಕಟ್ಟುವವಳೇ ಹಣ ಕೊಟ್ಟು ತಂದು ಸಾವಿರ ತುಂಬಿಸಬೇಕು. ಪಡಿತರದ ಅಕ್ಕಿಯಲ್ಲಿಯೂ ಅಷ್ಟೆ. ಕರಾವಳಿಯ ಜನ ಉಣ್ಣುವುದು ಕುಚ್ಚಲಕ್ಕಿ. ಅದನ್ನೇ ಪಡಿತರದಲ್ಲಿ ಕೊಡಿ ಎಂದು ವರ್ಷಗಟ್ಟಲೆ ಕೇಳಿದ್ದಾರೆ. ಬಂದದ್ದು ಬಹುತೇಕ ಬೆಳ್ತಿಗೆ. ಅದನ್ನು ದೋಸೆಗೆ ಅರೆದು, ಗಂಜಿಗೆ ಅಂಗಡಿಯಿಂದ ದುಡ್ಡು ಕೊಟ್ಟು ಕುಚ್ಚಲಕ್ಕಿ ತರಬೇಕು.

ಇಷ್ಟಾದರೂ 2013ರ ಅನ್ನಭಾಗ್ಯವನ್ನು, 2023ರ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ‘ಬಿಟ್ಟಿ’ ಎಂದು ಹಂಗಿಸುವವರಿಗೆ ಕೊರತೆಯಿಲ್ಲ. 2023ರ ಜುಲೈಯಲ್ಲಿ ಹೆಚ್ಚುವರಿ 5 ಕಿಲೋ ಅಕ್ಕಿ ಸಿಗದೆ, ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಕೊಡಲು ಸುರುಮಾಡಿದಾಗ ಹಂಗಿಸಿದವರು ಒಂದು ದಿನ ಆ 170 ರೂಪಾಯಿ ಹಿಡಿದು ಅಂಗಡಿಗೆ ಹೋಗಿ ಕುಚ್ಚಲಕ್ಕಿ ತರಬೇಕಿತ್ತು. ಆಗ ಬಿಟ್ಟಿ ಎಷ್ಟು ದುಬಾರಿ ಅಂತ ಗೊತ್ತಾಗುತ್ತಿತ್ತು.

ಮೀನಿನ ಕತೆಯನ್ನೂ ಹೇಳಿಬಿಡುತ್ತೇವೆ. ಮೊದಲು ರಂಪಣಿ ಬಲೆ ಇತ್ತು. ದಡದಿಂದ ಹತ್ತಾರು ಜನ ಸೇರಿ ಎಳೆಯುವ ಬಲೆ, ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು, ರಂಪಣಿ ಮೂಲೆ ಸೇರಿತು. ಬಡವರ ಮೀನಾದ ಬೂತಾಯಿ ಈಗ ಬುಟ್ಟಿಗೆ ಬರುವುದರ ಜೊತೆಗೆ ಉಳ್ಳಾಲದ ಕಡೆಯ ಮೀನುಹಿಟ್ಟು, ಮೀನೆಣ್ಣೆಯ ಕಾರ್ಖಾನೆಗಳಿಗೂ ಹೋಗುತ್ತದೆ. ಸಿಗಡಿ ಕೆರೆಗೆ, ಕೋಳಿ ಸಾಕುವಲ್ಲಿಗೆ ಆಹಾರವಾಗುತ್ತದೆ. ಅಕ್ಕನ ಒಲೆಯ ಮೇಲೆ ಪುಳಿಮುಂಚಿಗೆ ಮೀನಿಲ್ಲ, ಹುಣಸೆ ಮಾತ್ರ ಇದೆ ಅಂದರೆ ಅದು ಅವಳ ದುಂದುವೆಚ್ಚದಿಂದ ಆದದ್ದಲ್ಲ. 1943ರ ಬಂಗಾಳದ ಬರಗಾಲದ ಬಗ್ಗೆ ಅಮರ್ತ್ಯ ಸೇನ್ 1981ರಲ್ಲಿ ಬರೆದದ್ದರ ಸಾರವೂ ಇದೇ: ಅಲ್ಲಿ ಲಕ್ಷಗಟ್ಟಲೆ ಜನ ಸತ್ತದ್ದು ನಾಡಿನಲ್ಲಿ ಅಕ್ಕಿಯೇ ಇಲ್ಲದ್ದರಿಂದಲ್ಲ, ಇದ್ದ ಅಕ್ಕಿ ಅವರ ಕೈಗೆ ಎಟುಕದ್ದರಿಂದ.

*

ಈಗ ಒಂದು ಹೊಸ ಹಬ್ಬ ಬಂದಿದೆ. ಆಟಿ ತಿಂಗಳು, ಅಂದರೆ ಜುಲೈ ಆಗಸ್ಟಿನ ಹೊತ್ತು, ತುಳುನಾಡಿನಲ್ಲಿ ಹಸಿವಿನ ತಿಂಗಳು. ಕಣಜ ಖಾಲಿ, ಕೆಲಸವಿಲ್ಲ, ಹೊರಗೆ ಕಾಲಿಡಲಾಗದ ಮಳೆ. ಬೇಲಿ ಬದಿಯ ತಜಂಕು, ಕೆಸುವಿನೆಲೆ, ಬಿದಿರಿನ ಕಣಿಲೆ ಕಿತ್ತು ತಂದು ಜೀವ ಹಿಡಿದುಕೊಳ್ಳುತ್ತಿದ್ದರು. ನಲಿಕೆಯವರು ಆಟಿ ಕಳೆಂಜನಾಗಿ ಮನೆ ಮನೆಗೆ ಬಂದು ಕುಣಿದು, ಊರಿನ ಮಾರಿ ಕಳೆದು, ಒಂದಿಷ್ಟು ಅಕ್ಕಿ ಕಾಯಿ ಕೇಳಿ ಹೋಗುತ್ತಿದ್ದರು. ಮಾರಿ ಕಳೆಯುವವನ ಮನೆಯ ಮಾರಿ, ಅಂದರೆ ಹಸಿವು, ಅವನ ಮನೆಯಲ್ಲೇ ಉಳಿಯುತ್ತಿತ್ತು. ಇವತ್ತು ಆ ತಿಂಗಳು ‘ಆಟಿಡೊಂಜಿ ದಿನ’ ಎಂದು ಸಭಾಭವನಗಳಲ್ಲಿ ನಡೆಯುತ್ತದೆ. ತಜಂಕಿನ ವಡೆ, ಪತ್ರೊಡೆ, ಕಣಿಲೆ, ಎಲ್ಲ ಸಾಲಾಗಿ ಇಟ್ಟಿರುತ್ತಾರೆ. ಇಪ್ಪತ್ತು, ಮೂವತ್ತು ಬಗೆ. ನಾವೂ ಹೋಗಿದ್ದೇವೆ, ಉಂಡಿದ್ದೇವೆ. ರುಚಿಗೆ ಬೈಯುವುದಿಲ್ಲ. ನಮ್ಮ ಅಜ್ಜಿಯರ ಕೈರುಚಿಗೆ ಮರ್ಯಾದೆ ಬಂದರೆ ನಮಗೂ ಸಂತೋಷ. ಆದರೆ ಮೂವತ್ತು ಬಗೆಯೂ ಒಂದೇ ದಿನ ಸಿಗುತ್ತಿದ್ದರೆ ಅದು ಆಟಿಯೇ ಅಲ್ಲ. ಹಸಿವನ್ನು ತೆಗೆದು ಹಾಕಿ ರುಚಿಯನ್ನು ಮಾತ್ರ ಇಟ್ಟುಕೊಂಡದ್ದು ಅದು. ಅದನ್ನು ಕಿತ್ತು ತಂದ ಕೈ ಏನು ಉಂಡಿತ್ತು ಅಂತ ಆ ವೇದಿಕೆಯಲ್ಲಿ ಒಬ್ಬರೂ ಕೇಳಿದ್ದು ನಾವು ಕಾಣೆವು.

ಹಾಗಾದರೆ ಕಡಿಮೆಯಲ್ಲಿ ಬದುಕುವುದೇ ತಪ್ಪೇ? ಸರಳ ಊಟ ಒಂದು ಗುಣವಲ್ಲವೇ? ಈ ಪ್ರಶ್ನೆ ಕೇಳುವ ವಿದ್ಯಾರ್ಥಿ ಗೆಳೆಯರಿಗೆ ನಾವು ಆಯ್ದಕ್ಕಿ ಲಕ್ಕಮ್ಮನನ್ನು ತೋರಿಸುತ್ತೇವೆ. ಹನ್ನೆರಡನೆಯ ಶತಮಾನದ ಕಲ್ಯಾಣ. ಗಂಡ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಈ ಹೆಚ್ಚಿನದು ನಮಗೆ ಬೇಡ, ಆಸೆ ಅರಸರಿಗೆ ಇರಲಿ, ತಂದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ವಾಪಸ್ಸು ಕಳಿಸಿದಳು. ಇದನ್ನು ಹಿಡಿದು, ನೋಡಿ, ಬಡವರು ಹೇಗೆ ತೃಪ್ತಿಯಿಂದ ಇದ್ದರು ಅಂತ ಭಾಷಣ ಹೊಡೆಯುವವರಿದ್ದಾರೆ. ಅವರಿಗೆ ಕತೆ ಅರ್ಥವಾಗಿಲ್ಲ. ಲಕ್ಕಮ್ಮನ ಮನೆಯಲ್ಲಿ ಇಷ್ಟು ಸಾಕು ಅಂದದ್ದು ಲಕ್ಕಮ್ಮ. ಧಣಿಯಲ್ಲ, ಕಂತ್ರಾಟುದಾರನಲ್ಲ, ಯೋಜನಾ ಆಯೋಗವಲ್ಲ. ಬೇಡ ಅನ್ನುವುದಕ್ಕೆ ಅವಳ ಎದುರು ಅಕ್ಕಿ ಇತ್ತು. ಬೇಡ ಅನ್ನಲು ಏನೂ ಇಲ್ಲದವಳ ಬಾಯಿಗೆ ‘ಸಾಕು’ ಎಂಬ ಮಾತು ತುರುಕುವುದು ಬೇರೆ. ಎರಡೂ ಗಂಜಿಯೇ ಆಗಿರಬಹುದು, ಎರಡಕ್ಕೂ ಒಂದೇ ಹೆಸರು ಇಡಬಾರದು. ಒಂದು ಸರಳತೆ, ಇನ್ನೊಂದು ಶೋಷಣೆ.

*

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಧಣಿಯನ್ನು, ವ್ಯವಸ್ಥೆಯನ್ನು ಬೈಯುವುದು ನಮಗೆ ಅಭ್ಯಾಸವಾಗಿದೆ. ಬೈಯಲೇಬೇಕು. ಆದರೆ ಆ ರಾತ್ರಿ ಬೋಳಾರದ ಆ ಮನೆಯಲ್ಲಿ ಧಣಿ ಇರಲಿಲ್ಲ. ಇದ್ದವರು ನಾವು. ಇದ್ದ ಗಂಜಿಯಲ್ಲಿ ಯಾರಿಗೆ ಎಷ್ಟು ಎಂಬುದು ಆ ಎರಡು ಕೋಣೆಯೊಳಗೇ ತೀರ್ಮಾನವಾಯಿತು. ಹೊರಗಿನ ಸೇರು ಯಾವ ನ್ಯಾಯದಲ್ಲಿ ಅಳೆಯುತ್ತಿತ್ತೋ ಒಳಗಿನ ಸೌಟೂ ಅದೇ ನ್ಯಾಯದಲ್ಲಿ ಬಡಿಸಿತು: ಮೊದಲು ಗಂಡಸು, ಆಮೇಲೆ ಮಕ್ಕಳು, ಕೊನೆಗೆ ಅವಳು. ಬಡತನವನ್ನು ಹಂಚುವಾಗಲೂ ನಾವು ಸಮವಾಗಿ ಹಂಚಲಿಲ್ಲ.

ಬಾಯಿ ಆಂಡ್ ಎನ್ನುತ್ತದೆ. ರಕ್ತ ಹಾಗೆ ಹೇಳುವುದಿಲ್ಲ. 2019ರಿಂದ 2021ರ ತನಕ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರ ಬೆರಳು ಚುಚ್ಚಿ ನೋಡಿದರು. ಈ ದೇಶದಲ್ಲಿ ನೂರಕ್ಕೆ 57 ಹೆಂಗಸರಿಗೆ ರಕ್ತಹೀನತೆ. ಗಂಡಸರಲ್ಲಿ ನೂರಕ್ಕೆ 25. ಕರ್ನಾಟಕದ ಹೆಂಗಸರಲ್ಲಿ ಅದು 47.8. ಹೆಂಗಸರ ದೇಹಕ್ಕೆ ಬೇರೆ ಕಾರಣಗಳೂ ಇವೆ, ಹೆರಿಗೆ ಇದೆ, ಮುಟ್ಟು ಇದೆ, ಒಪ್ಪೋಣ. ಹಾಗಾದರೆ ಹೆಚ್ಚು ಬೇಕಾದವಳಿಗೇ ಹೆಚ್ಚು ಬಡಿಸಬೇಕಿತ್ತಲ್ಲ? ಬಡಿಸಿದ್ದು ತಿಳಿನೀರು. ‘ಆಂಡ್’ ಎಂಬ ಸುಳ್ಳುಗಳೆಲ್ಲ ಸೇರಿ ಆ 57 ಆಗಿದೆ ಎಂದು ನಮಗೆ ಅನಿಸುತ್ತದೆ.

ಚಳವಳಿಗಳ ಒಲೆಯ ಬಗ್ಗೆಯೂ ಒಂದು ಮಾತು. ಬಾಬಾಸಾಹೇಬರು ಲಂಡನ್ನಿನಲ್ಲಿ ಅರೆಹೊಟ್ಟೆಯಲ್ಲಿ ಓದಿದ್ದನ್ನು ನಾವು ಪ್ರತಿ ಏಪ್ರಿಲ್ 14ರಂದು ಹೇಳುತ್ತೇವೆ. ಆ ಹೊತ್ತಿನಲ್ಲಿ ಮುಂಬಯಿಯಲ್ಲಿ ಇಲ್ಲದ ದುಡ್ಡಿನಲ್ಲಿ ಸಂಸಾರ ತೂಗಿದ ರಮಾಬಾಯಿಯನ್ನು ಎಷ್ಟು ಹೇಳುತ್ತೇವೆ? ಹೆತ್ತ ಐದು ಮಕ್ಕಳಲ್ಲಿ ನಾಲ್ವರನ್ನು ಕಳೆದುಕೊಂಡು, 1935ರಲ್ಲಿ ಆಕೆ ಕಣ್ಣುಮುಚ್ಚಿದರು. ಮುಂದೆ ಪಾಕಿಸ್ತಾನದ ಪ್ರಶ್ನೆಯನ್ನು ಕುರಿತ ತಮ್ಮ ಪುಸ್ತಕವನ್ನು ಬಾಬಾಸಾಹೇಬರು ಆಕೆಯ ನೆನಪಿಗೇ ಅರ್ಪಿಸಿದರು. ಗೆಳೆಯರಿಲ್ಲದ, ಕೊರತೆಯ ಆ ದಿನಗಳಲ್ಲಿ ತಮ್ಮ ಜೊತೆ ಕಷ್ಟಪಡಲು ಆಕೆ ಸಿದ್ಧರಿದ್ದುದನ್ನು ಅಲ್ಲಿ ಬರೆದು ಒಪ್ಪಿಕೊಂಡರು. ಅವರು ಸಾಲವನ್ನು ಸಾಲ ಎಂದು ಬರೆದರು, ಪುಣ್ಯ ಎಂದು ಬರೆದು ತಪ್ಪಿಸಿಕೊಳ್ಳಲಿಲ್ಲ. ನಾವು ಕರಪತ್ರದ ಖರ್ಚು ಬರೆದಿಟ್ಟಿದ್ದೇವೆ, ಬಸ್ಸಿನ ಖರ್ಚು ಬರೆದಿಟ್ಟಿದ್ದೇವೆ. ಇಷ್ಟು ವರ್ಷಗಳಲ್ಲಿ ಯಾರ ಯಾರ ಮನೆಯಲ್ಲಿ ಎಷ್ಟು ಗಂಜಿ ಕುಡಿದೆವು, ಆ ದಿನ ಆ ಮನೆಯಲ್ಲಿ ಯಾರು ಉಪವಾಸ ಬಿದ್ದರು ಎಂಬ ಲೆಕ್ಕ ನಮ್ಮ ಯಾವ ಪುಸ್ತಕದಲ್ಲೂ ಇಲ್ಲ.

*

ಮುಳ್ಳು ತೆಗೆಯಲೆಂದು ನಾವು ಮಾಡಿದ ಕೆಲಸ ಇನ್ನೊಂದು ತಪ್ಪಾಯಿತು. ಆಗಸ್ಟಿನಲ್ಲಿ ಹತ್ತು ಕಿಲೋ ಕುಚ್ಚಲಕ್ಕಿ ಹೊತ್ತುಕೊಂಡು ಬೋಳಾರಕ್ಕೆ ಹೋದೆವು. ಅಕ್ಕ ಚೀಲ ನೋಡಿದರು, ನಮ್ಮ ಮುಖ ನೋಡಿದರು.

‘ಇದೆಂತಕ್ಕೆ ತಂದದ್ದು?’

ನಾವು ತೊದಲಿದೆವು.

‘ಅವತ್ತು ನಿಮಗೆ ಬಡಿಸಿದ್ದು ನನ್ನ ಖುಷಿಗೆ ಮಾರಾಯ್ರೇ. ಚಂಡಿ ಆಗಿ ಬಂದಿದ್ರಿ. ಬಂದವರಿಗೆ ಒಂದು ತುತ್ತು ಕೊಡುವಷ್ಟು ಅಧಿಕಾರವೂ ನನ್ನ ಮನೆಯಲ್ಲಿ ನನಗೆ ಬೇಡ್ವಾ? ಈಗ ಅಕ್ಕಿ ತಂದು ಅದಕ್ಕೊಂದು ರೇಟು ಕಟ್ಟಿದ ಹಾಗಾಯ್ತು.’

ನಾವು ಸುಮ್ಮನಿದ್ದೆವು. ಬೀಡಿಯ ನೂಲು ಸುತ್ತುತ್ತಲೇ ಅವರು ಮುಂದುವರಿಸಿದರು.

‘ಬೇಜಾರು ಆ ಒಂದು ದಿನದ್ದಲ್ಲ ಅಣ್ಣ. ನೀವು ಬಾರದ ದಿನವೂ ನಾನು ಕೊನೆಗೇ ಉಣ್ಣುವುದು. ಅದು ನನ್ನ ಖುಷಿಗೆ ಅಲ್ಲ. ನಮ್ಮಮ್ಮ ಹಾಗೆ ಮಾಡಿದ್ರು, ನಾನು ಮಾಡ್ತೇನೆ, ಮಗಳೂ ಈಗಲೇ ಕಲ್ತಿದ್ದಾಳೆ. ಮೊನ್ನೆ ತಮ್ಮನಿಗೆ ಬಡಿಸಿ, ನನಗೆ ಹಸಿವಿಲ್ಲ ಅಂದ್ಲು. ಅದನ್ನು ಬೇಕಾದ್ರೆ ಮಾತಾಡಿ. ಮತ್ತೆ ಇನ್ನೊಂದು ಸಲ ಬರುವಾಗ ಹೇಳಿ ಬನ್ನಿ. ಬಂದು ಕೂತು ಭಾಷಣ ಮಾಡುವಾಗ ಒಬ್ರು ಎದ್ದು ಕಾಯಿ ತುರಿದ್ರೆ ಎಂತ ನಷ್ಟ ಉಂಟು?’

ನಾವು ಇಷ್ಟುದ್ದ ಸುತ್ತಿ ಹೇಳಿದ್ದನ್ನೆಲ್ಲ ಆಕೆ ನೂಲು ಸುತ್ತುವಷ್ಟರಲ್ಲಿ ಹೇಳಿದರು. ಕೊಡುವುದು ನನ್ನ ಇಷ್ಟವಾದರೆ ಅದು ನನ್ನ ದೊಡ್ಡತನ, ಅದನ್ನು ನೀವು ಕನಿಕರ ಮಾಡಬೇಡಿ. ದಿನಾ ಬಿಟ್ಟುಕೊಡುವುದು ನನ್ನ ಹಣೆಬರಹವಾದರೆ ಅದು ಅನ್ಯಾಯ, ಅದನ್ನು ನೀವು ತ್ಯಾಗ ಅಂತ ಕರೆಯಬೇಡಿ. ಅಕ್ಕನ ಅವತ್ತಿನ ಸುಳ್ಳಿನಲ್ಲಿ ತಪ್ಪಿಲ್ಲ ಎಂದು ನಾವು ಈಗ ತಿಳಿದಿದ್ದೇವೆ. ತಪ್ಪು ಇರುವುದು ಆ ಸುಳ್ಳು ದಿನನಿತ್ಯ ಬೇಕಾಗುವ ಹಾಗೆ ಮಾಡಿಟ್ಟಿರುವ ಊರಿನಲ್ಲಿ, ಮತ್ತು ಅದನ್ನು ನಂಬಿದ ಹಾಗೆ ನಟಿಸಿ ಎರಡನೆಯ ಸಲ ಬಟ್ಟಲು ಚಾಚಿದ ನಮ್ಮಲ್ಲಿ. ಹನ್ನೊಂದು ವರ್ಷದ ಹುಡುಗಿ ‘ನನಗೆ ಹಸಿವಿಲ್ಲ’ ಎನ್ನಲು ಕಲಿತದ್ದು ಯಾವ ಪಠ್ಯಪುಸ್ತಕದಿಂದ? ನಮ್ಮ ಹೊಗಳಿಕೆಯಿಂದ.

ಅಕ್ಕಿಯ ಚೀಲ ಆಕೆ ವಾಪಸ್ಸು ಕೊಡಲಿಲ್ಲ. ‘ತಂದದ್ದನ್ನು ಹೊತ್ತುಕೊಂಡು ಹೋಗ್ಬೇಡಿ, ಎಲ್ಲರಿಗೂ ಬೇಯಿಸುವ’ ಅಂದರು. ಅವತ್ತು ನಮ್ಮಲ್ಲಿ ಒಬ್ಬ ಕಾಯಿ ತುರಿದ, ಒಬ್ಬ ಬೂತಾಯಿ ಕ್ಲೀನು ಮಾಡಿ ಕೈಕೊಯ್ದುಕೊಂಡ. ಅಕ್ಕ ನಕ್ಕರು. ಎಲ್ಲರೂ ಒಟ್ಟಿಗೆ ನೆಲಕ್ಕೆ ಕೂತೆವು. ಎಷ್ಟು ಅಕ್ಕಿ ಹಾಕಬೇಕೆಂದು ಕುಡ್ತೆ ಹಿಡಿದು ಅಳೆದವರು ಅವರೇ.

ಸಂಗಾತಿಗಳೇ, ನಾವು ಕೇಳುವುದು ದೊಡ್ಡದೇನಲ್ಲ. ಬೀಡಿಯ ಮಜೂರಿಗೆ, ಕುಚ್ಚಲಕ್ಕಿಯ ಪಡಿತರಕ್ಕೆ, ಬೋಟು ನಿಂತ 61 ದಿನ ಬುಟ್ಟಿ ಹೊರುವವನಿಗೆ ಸಿಗಬೇಕಾದ ಕೂಲಿಗೆ ಬೀದಿಗೆ ಇಳಿಯೋಣ. ಅಳತೆಯ ಸೇರನ್ನು ಆ ಕೈಗಳಿಂದ ಕಿತ್ತುಕೊಳ್ಳದೆ ಯಾರ ಅಡುಗೆಮನೆಯೂ ನೆಟ್ಟಗಾಗುವುದಿಲ್ಲ. ಅದರ ಜೊತೆಗೇ ಇವತ್ತು ರಾತ್ರಿ ನಮ್ಮ ನಮ್ಮ ಮನೆಯಲ್ಲಿ ಒಂದು ಕೆಲಸ. ಬಟ್ಟಲು ಮುಂದಿಡುವ ಮೊದಲು ಪಾತ್ರೆಯಲ್ಲಿ ಎಷ್ಟಿದೆ, ಎಷ್ಟು ಮಂದಿ ಇದ್ದೇವೆ ಅಂತ ಲೆಕ್ಕ ಹಾಕೋಣ. ಶಿಬಿರಗಳಲ್ಲಿ, ಸಭೆಗಳಲ್ಲಿ ಬಡಿಸುವವರು ಮೊದಲ ಪಂಕ್ತಿಯಲ್ಲೇ ಕೂರಲಿ, ಗಂಡಸರು ಬಡಿಸಲಿ. ಮೇಷ್ಟ್ರುಗಳು ತಾಯಿಯ ತ್ಯಾಗದ ಪಾಠ ಮಾಡುವಾಗ ಮಕ್ಕಳಿಗೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳಲಿ: ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ದಿನಾ ಅವರೇನಾ?

‘ಒಣಸ್ ಆಂಡಾ?’ ಎಂದು ಕೇಳುವ ನಮ್ಮ ಊರಿನ ಪದ್ಧತಿ ಒಳ್ಳೆಯದೇ. ಅದನ್ನು ಬಿಡುವುದು ಬೇಡ. ಆದರೆ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಒಟ್ಟಿಗೆ ಕೂತು ಉಂಡ ಮನೆಯಲ್ಲಿ ಆ ಪ್ರಶ್ನೆ ಕೇಳುವ ಅಗತ್ಯ ಬರುವುದಿಲ್ಲ, ಸುಳ್ಳು ಹೇಳುವ ಅಗತ್ಯವೂ ಬರುವುದಿಲ್ಲ.